ಪಾರ್ಶ್ವವಾಯುವಿನ ಬಳಿಕ ನಿಲ್ಲುವ ಸಾಧನೆ

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತವಾಗಿ ಲಕ್ಷ್ಮೇಶ್ವರಕ್ಕೆ ಹೋಗಿದ್ದಾಗ ಭಕ್ತರೊಬ್ಬರ ಮನೆಯಲ್ಲಿ ನಮ್ಮ ಪ್ರಸಾದದ ವ್ಯವಸ್ಥೆಯಾಗಿತ್ತು. ಪಡಸಾಲೆಯ ಮೂಲೆಯಲ್ಲಿ ಹೊರಸಿನ ಮೇಲೆ ಆ ಮನೆಯ ತಾಯಿ ಕುಳಿತಿದ್ದರು. ವಯಸ್ಸು ಅರವತ್ತೆಂಟು. ಎರಡು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಅವರ ಎಡಗೈ ಎಡಗಾಲುಗಳು ಸ್ವಾಧೀನ ತಪ್ಪಿದ್ದವು. ಮಗನೂ ಸೊಸೆಯೂ ಅವರನ್ನು ಎಬ್ಬಿಸಿ ನಿಲ್ಲಿಸಲು ಯತ್ನಿಸಿದಾಗ ನಾವು ಕಂಡ ದೃಶ್ಯ ವಿಚಿತ್ರವಾಗಿತ್ತು. ಬೀಳುವ ಭಯವುಳ್ಳವರು ಸಹಜವಾಗಿ ಗಟ್ಟಿಯಾದ ಕಾಲಿನ ಕಡೆಗೆ ವಾಲುತ್ತಾರೆ. ಈ ತಾಯಿಯಾದರೋ ಬಲಗೈಯಿಂದ ಹೊರಸನ್ನು ಒತ್ತಿ, ಬಲಗಾಲನ್ನು ಚಾಚಿ, ತಮ್ಮನ್ನು ತಾವೇ ಎಡಕ್ಕೆ, ಬಲವಿಲ್ಲದ ಕಡೆಗೇ ನೂಕಿಕೊಳ್ಳುತ್ತಿದ್ದರು. ಮಗ ಎಡಗಡೆಯಿಂದ ತಡೆದು ತಳ್ಳಿದಷ್ಟೂ ಅವರ ಒತ್ತಡ ಹೆಚ್ಚುತ್ತಿತ್ತು.

“ಅವ್ವ ಭಾಳ ಹಟಾ ಮಾಡ್ತಾಳ್ರೀ ಶಾಸ್ತ್ರಿಗಳ, ನೆಟ್ಟಗ ನಿಲ್ಲಂದ್ರ ನಿಲ್ಲೂದಿಲ್ಲ” ಎಂದು ಮಗ ನೊಂದು ನುಡಿದ. ತಾಯಿ ಸಿಟ್ಟಿನಿಂದ, “ನಾ ನೆಟ್ಟಗ ಅದೀನೋ ಯಪ್ಪಾ, ನೀವ ನನ್ನ ಕೆಡವಾಕ ಹತ್ತೀರಿ” ಎಂದರು. ನೆರೆಯವರೊಬ್ಬರು ಇದು ಗ್ರಹಚೇಷ್ಟೆಯೆಂದೂ ತಾಯತ ಕಟ್ಟಿಸಬೇಕೆಂದೂ ಸಲಹೆ ಕೊಟ್ಟು ಹೋಗಿದ್ದರಂತೆ.

ಮಗ ಹೇಳಿದ್ದೂ ಸುಳ್ಳಲ್ಲ, ತಾಯಿ ಹೇಳಿದ್ದೂ ಸುಳ್ಳಲ್ಲ. ಆ ಒಗಟಿನ ಅರ್ಥವನ್ನು ಮುಂದೆ ಹೇಳುತ್ತೇವೆ. ನಾವು ವೈದ್ಯರಲ್ಲ, ಮಠದಲ್ಲಿ ಸಂಸ್ಕೃತ, ವಚನಶಾಸ್ತ್ರಗಳನ್ನು ಓದಿ ಬೆಳೆದವರು. ಆದರೆ ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಗಳ ಭಕ್ತರ ಮನೆಗಳಿಗೆ ಹೋಗಿಬರುವ ನಮಗೆ, ಲಕ್ವಾ ಹೊಡೆದು ಹಾಸಿಗೆ ಹಿಡಿದ ಹಿರಿಯರು ಊರೂರಿಗೂ ಕಾಣುತ್ತಾರೆ. ಅವರಲ್ಲಿ ಕೆಲವರು ಎದ್ದು ನಿಂತರು, ಕೆಲವರು ನಿಲ್ಲಲೇ ಇಲ್ಲ. ಈ ಭೇದವೆಲ್ಲ ಕರ್ಮಫಲವೆಂದು ಕೈತೊಳೆದುಕೊಳ್ಳುವುದು ಸರಿಯಲ್ಲವೆಂದು ತಿಳಿದವರನ್ನು ಕೇಳಿದೆವು. ನಮ್ಮದೇ ಒಂದು ತಪ್ಪಿನಿಂದಲೂ ಕಲಿತೆವು.

ಆ ತಪ್ಪನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಹನ್ನೆರಡು ವರ್ಷಗಳ ಹಿಂದೆ ನಮ್ಮ ಹಿರಿಯ ಗುರುಬಂಧುಗಳೊಬ್ಬರಿಗೆ ಬಲಭಾಗದ ಪಾರ್ಶ್ವವಾಯುವಾಯಿತು. ಗುರುಸೇವೆಯೆಂಬ ಭಾವದಿಂದ ನಾವು ಇಬ್ಬಿಬ್ಬರು ಕೂಡಿ, ಕಂಕುಳಲ್ಲಿ ಕೈಹಾಕಿ, ಅವರನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಮಠದ ಅಂಗಳದಲ್ಲಿ ದಿನವೂ ಸುತ್ತಿಸುತ್ತಿದ್ದೆವು. ಅವರ ಬಲಪಾದ ನೆಲವನ್ನು ಕೆರೆಯುತ್ತ ಹಿಂದೆ ಬರುತ್ತಿತ್ತು. “ಎಷ್ಟು ಛಲೋ ಅಡ್ಡಾಡ್ತಾರ ನೋಡ್ರಿ” ಎಂದು ಬಂದವರೆಲ್ಲ ಹೊಗಳುವರು. ಅಡ್ಡಾಡುತ್ತಿದ್ದವರು ನಾವು, ಅವರಲ್ಲ. ಎರಡು ತಿಂಗಳು ಕಳೆದರೂ ಬಲಗಾಲಿನ ಮೇಲೆ ಅವರು ಒಂದು ಸೇರಿನಷ್ಟು ಭಾರವನ್ನೂ ಹಾಕಿರಲಿಲ್ಲ. ಹೀಗೆ ತೋಳು ಹಿಡಿದು ಜಗ್ಗಿದ್ದರಿಂದ ಸಡಿಲವಾಗಿದ್ದ ಭುಜದ ಕೀಲು ಜಾರಿ ನೋವು ಶುರುವಾಯಿತು. ಒಂದು ನಸುಕಿನಲ್ಲಿ ಯಾರನ್ನೂ ಎಬ್ಬಿಸಬಾರದೆಂದು ಒಬ್ಬರೇ ಬಚ್ಚಲಿಗೆ ಹೊರಟು, ಹೊಸ್ತಿಲಲ್ಲಿ ಬಲಕ್ಕೆ ಉರುಳಿದರು. ಸೊಂಟದ ಕೀಲಿನ ಎಲುಬು ಮುರಿಯಿತು. ಆಮೇಲೆ ಅವರು ನಿಲ್ಲಲಿಲ್ಲ. ಭಾರ ಹೊರದ ಕಾಲಿನ ಎಲುಬು ತಿಂಗಳುಗಳಲ್ಲೇ ಸವೆದು ಟೊಳ್ಳಾಗುತ್ತದೆಂದೂ, ಇಂಥವರು ಬಿದ್ದಾಗ ದುರ್ಬಲ ಪಕ್ಕದ ಸೊಂಟವೇ ಹೆಚ್ಚಾಗಿ ಮುರಿಯುತ್ತದೆಂದೂ ಎಲುಬಿನ ವೈದ್ಯರು ಹೇಳಿದಾಗ ನಮ್ಮ ಸೇವೆಯ ಸ್ವರೂಪ ನಮಗೆ ಅರ್ಥವಾಯಿತು.

ನಿಲ್ಲುವುದೆಂದರೆ ಏನೂ ಮಾಡದೆ ಇರುವುದು ಎಂದು ನಾವೆಲ್ಲ ಭಾವಿಸಿದ್ದೇವೆ. ದೇಹಶಾಸ್ತ್ರ ಬಲ್ಲವರು ಹೇಳುವುದು ಬೇರೆ. ಎರಡು ಪಾದಗಳ ಸಣ್ಣ ಆಸರೆಯ ಮೇಲೆ ನಿಂತ ಈ ಎತ್ತರದ ದೇಹ ಕ್ಷಣಕ್ಷಣಕ್ಕೂ ತೂಗಾಡುತ್ತದೆ. ಭಾರದ ಮಧ್ಯಬಿಂದು ಹರಡಿನ ಕೀಲಿಗಿಂತ ತುಸು ಮುಂದಿರುವುದರಿಂದ ದೇಹ ಸದಾ ಮುಂದಕ್ಕೆ ಬೀಳಲು ಹವಣಿಸುತ್ತದೆ. ಮೀನಖಂಡದ ಸ್ನಾಯುಗಳು ಅದನ್ನು ಸದಾ ಹಿಂದಕ್ಕೆ ಸೆಳೆದು ಹಿಡಿಯುತ್ತವೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ನಿಂತ ದೇಹ ಸ್ಥಾವರವಲ್ಲ, ಜಂಗಮ. ಸಣ್ಣ ತೂಗಾಟವನ್ನು ಹರಡಿನ ಕೀಲೇ ಸರಿಪಡಿಸುತ್ತದೆ, ಹೆಚ್ಚಾದರೆ ಸೊಂಟ ಬಾಗುತ್ತದೆ, ಇನ್ನೂ ಹೆಚ್ಚಾದರೆ ಒಂದು ಹೆಜ್ಜೆ ಇಟ್ಟು ಉಳಿದುಕೊಳ್ಳುತ್ತೇವೆ. ಇದೆಲ್ಲ ಕಣ್ಣೆವೆ ಇಕ್ಕುವಷ್ಟರಲ್ಲಿ, ನಮಗೆ ತಿಳಿಯದೆ ನಡೆಯುತ್ತದೆ.

ಮಿದುಳಿಗೆ ಇದರ ಸುದ್ದಿ ಮುಟ್ಟಿಸುವ ಮೂಲಗಳು ಮೂರು: ಕಣ್ಣು, ಒಳಕಿವಿಯಲ್ಲಿ ದ್ರವ ತುಂಬಿದ ನಾಳಗಳು ಮತ್ತು ಸೂಕ್ಷ್ಮ ಹರಳುಗಳು, ಮೂರನೆಯದಾಗಿ ಅಂಗಾಲು ಹಾಗೂ ಕೀಲುಗಳ ಸ್ಪರ್ಶಜ್ಞಾನ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ದೃಷ್ಟಿಯಿಲ್ಲದ ಸಂಗೀತ ವಿದ್ಯಾರ್ಥಿಗಳು ಸರಸರನೆ ಮೆಟ್ಟಿಲೇರಿ ಇಳಿಯುವುದನ್ನು ನೋಡಿದವರು ಬಲ್ಲರು: ಒಂದು ಮೂಲ ಇಲ್ಲವಾದರೂ ಉಳಿದೆರಡನ್ನು ಪಳಗಿಸಿದರೆ ದೇಹ ನಿಲ್ಲುತ್ತದೆ. ಪಾರ್ಶ್ವವಾಯು ಪೀಡಿತರದು ಅದಕ್ಕೆ ವಿರುದ್ಧ ಸ್ಥಿತಿ. ಅಂಗಾಲಿನ ಸುದ್ದಿ ಮಂಕಾಗಿರುವುದರಿಂದ ಅವರಲ್ಲಿ ಅನೇಕರು ಕಣ್ಣನ್ನೇ ವಿಪರೀತವಾಗಿ ಆಶ್ರಯಿಸುತ್ತಾರೆ. ಹಗಲು ಚೆನ್ನಾಗಿ ನಿಲ್ಲುವವರು ರಾತ್ರಿ ಕರೆಂಟು ಹೋದೊಡನೆ ಕುಸಿಯುವುದು ಇದರಿಂದಲೇ. ಹಾಸಿಗೆಯಿಂದ ಬಚ್ಚಲಿನವರೆಗೆ ಇರುಳಿಡೀ ಒಂದು ಸಣ್ಣ ದೀಪ, ಕರೆಂಟಿನ ಭರವಸೆಯಿಲ್ಲದ ಊರಲ್ಲಿ ದಿಂಬಿನ ಬಳಿ ಒಂದು ಬ್ಯಾಟರಿ, ಇಷ್ಟನ್ನು ಎಲ್ಲ ಮನೆಯವರೂ ಮಾಡಬಹುದು.

ಈಗ ಲಕ್ಷ್ಮೇಶ್ವರದ ತಾಯಿಯ ಮಾತಿಗೆ ಬರೋಣ. 1985ರಲ್ಲಿ ಪೆಟ್ರೀಷಿಯಾ ಡೇವಿಸ್ ಎಂಬ ಭೌತಚಿಕಿತ್ಸಕಿ ತಮ್ಮ ಗ್ರಂಥವೊಂದರಲ್ಲಿ ಹೀಗೆ ದುರ್ಬಲ ಪಕ್ಕಕ್ಕೆ ನೂಕಿಕೊಳ್ಳುವ ರೋಗಿಗಳನ್ನು ವಿವರಿಸಿದರು. 2000ದಲ್ಲಿ ಜರ್ಮನಿಯ ಸಂಶೋಧಕರು ಇಂಥವರ ಕಣ್ಣಿಗೆ ಏನೂ ಕಾಣದಂತೆ ಮಾಡಿ, ವಾಲಿಸಬಹುದಾದ ಕುರ್ಚಿಯಲ್ಲಿ ಕೂರಿಸಿ ಪರೀಕ್ಷಿಸಿದರು. ಸುಮಾರು 18 ಡಿಗ್ರಿ ಓರೆಯಾಗಿದ್ದಾಗ ಅವರಿಗೆ ತಾವು ನೆಟ್ಟಗಿದ್ದೇವೆ ಎನ್ನಿಸುತ್ತಿತ್ತು! ಮಿದುಳಿನೊಳಗಿನ ತೂಗುಗುಂಡೇ ಸರಿದುಹೋದಂತೆ. ಅಂಥವರನ್ನು ನಾವು ನೆಟ್ಟಗೆ ಮಾಡಹೋದರೆ ಅವರಿಗೆ ಬೀಳಿಸಿದಂತೆಯೇ ಭಾಸವಾಗುತ್ತದೆ. ಪ್ರಾಣಭಯದಿಂದ ಎದುರು ಒತ್ತುತ್ತಾರೆ. ಹಟವಲ್ಲ, ಗ್ರಹವೂ ಅಲ್ಲ. ಆ ತಾಯಿಯನ್ನು ಎರಡು ತಿಂಗಳಿಂದ ಮನೆಯವರು ಗದರಿಸುತ್ತಿದ್ದರು ಎಂಬುದನ್ನು ನೆನೆದರೆ ನಮಗೆ ಇಂದಿಗೂ ಸಂಕಟವಾಗುತ್ತದೆ.

ಆದರೆ ಅದೇ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ತಿಳಿದುಬಂತು. ಕಣ್ಣುಬಿಟ್ಟು ನೋಡಿದಾಗ ಯಾವುದು ಲಂಬ, ಯಾವುದು ಓರೆ ಎಂಬುದು ಇವರಿಗೆ ಸರಿಯಾಗಿಯೇ ಕಾಣುತ್ತದೆ. ಚಿಕಿತ್ಸೆಯ ದಾರಿ ಇರುವುದು ಇಲ್ಲಿಯೇ. ನಮ್ಮ ಒತ್ತಾಯದ ಮೇರೆಗೆ ಆ ಮನೆಯವರು ಭೌತಚಿಕಿತ್ಸೆಯ, ಜನ ಫಿಜಿಯೋಥೆರಪಿ ಎನ್ನುತ್ತಾರಲ್ಲ, ಅದರ ತಜ್ಞರೊಬ್ಬರನ್ನು ಗದುಗಿನಿಂದ ಕರೆಸಿದರು. ಅವರು ತಾಯಿಯನ್ನು ಮುಟ್ಟಿ ತಳ್ಳಲೇ ಇಲ್ಲ. ಹೊರಸನ್ನು ಪಡಸಾಲೆಯ ಕಟ್ಟಿಗೆಯ ಕಂಬಕ್ಕೆ ಎದುರಾಗಿ ಇಡಿಸಿ ಕೇಳಿದರು: “ಅವ್ವಾರ, ಈ ಕಂಬ ನೆಟ್ಟಗೈತೇನ್ರಿ?” ತಾಯಿ ನೋಡಿ, ಹೌದೆಂದರು. “ನೀವು ಕಂಬದಂಗ ಅದೀರೇನು ನೋಡ್ಕೋರಿ.” ತಾಯಿ ಬಹಳ ಹೊತ್ತು ಕಂಬವನ್ನೂ ತಮ್ಮ ಮೈಯನ್ನೂ ನೋಡಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ, “ಇಲ್ಲ” ಎಂದರು. ಆ ಮನೆಯಲ್ಲಿ ಎರಡು ತಿಂಗಳಿಂದ ನಡೆದಿದ್ದ ಜಗಳ ಆ ಒಂದು ಮಾತಿನೊಂದಿಗೆ ಮುಗಿಯಿತು. ಮುಂದೆ ಮಗ ಎಡಗಡೆಯಿಂದ ತಳ್ಳುವುದನ್ನು ಬಿಟ್ಟು ಬಲಗಡೆ ಕುಳಿತ. ತಾಯಿಯೇ ಬಲಗೈ ಚಾಚಿ ಅವನ ಕೈಯಲ್ಲಿದ್ದ ವಸ್ತುವನ್ನು ಮುಟ್ಟಬೇಕು. ತಾನಾಗಿ ಬಲಕ್ಕೆ ವಾಲಿದರೆ ಬೀಳುವುದಿಲ್ಲವೆಂಬ ನಂಬಿಕೆ ದೇಹಕ್ಕೆ ಬರುವವರೆಗೆ ಇದೇ ಪಾಠ. ಗದಗ ಸೀಮೆಯಲ್ಲಿ ನೆಟ್ಟನೆಯ ಕಂಬಗಳಿಗೇನೂ ಬರವಿಲ್ಲ. ತ್ರಿಕೂಟೇಶ್ವರದ ಆವರಣದ ಸರಸ್ವತಿ ಗುಡಿಯ ಕಂಬಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ವೀರನಾರಾಯಣ ದೇವಾಲಯದಲ್ಲಿ ಕುಮಾರವ್ಯಾಸನ ಕಂಬವೇ ಇದೆ. ಮನೆಯ ಬಾಗಿಲ ಚೌಕಟ್ಟಾದರೂ ಈ ಕೆಲಸಕ್ಕೆ ಸಾಕು. ಬಹುಪಾಲು ಜನರಲ್ಲಿ ಈ ನೂಕಾಟ ಆರು ತಿಂಗಳೊಳಗೆ ಶಮನವಾಗುತ್ತದೆ ಎಂಬ ಸಂಗತಿ ಮನೆಯವರಿಗೆ ದೊಡ್ಡ ಧೈರ್ಯ.

ಎಲ್ಲರಲ್ಲೂ ಈ ಲಕ್ಷಣ ಇರುವುದಿಲ್ಲ. ಹೆಚ್ಚಿನವರ ತೊಂದರೆ ಸರಳವಾದದ್ದು, ಆದರೆ ಮೊಂಡು: ಗಟ್ಟಿ ಕಾಲಿನ ಮೇಲೆಯೇ ಮೈಭಾರವನ್ನೆಲ್ಲ ಹೇರಿ, ದುರ್ಬಲ ಕಾಲನ್ನು ಬರಿಯ ಅಲಂಕಾರಕ್ಕೆ ನೆಲಕ್ಕೆ ತಾಗಿಸಿರುತ್ತಾರೆ. ಬೆಟಗೇರಿಯ ನೇಕಾರರೊಬ್ಬರ ಸಂಗತಿಯನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳಬೇಕು. ಐವತ್ತೇಳರ ಪ್ರಾಯ, ರಕ್ತದೊತ್ತಡದ ಗುಳಿಗೆಯನ್ನು ತಾವೇ ನಿಲ್ಲಿಸಿದ್ದವರು. ಎಡಭಾಗ ಬಿದ್ದಿತ್ತು. “ಈ ಕಾಲು ನಂದಲ್ಲ ಅನ್ನಸ್ತೈತ್ರಿ, ಯಾರದೋ ತಂದು ಹಚ್ಚಿದಂಗ ಆಗೇತಿ” ಎನ್ನುತ್ತಿದ್ದರು. ಅವರನ್ನು ನೋಡುತ್ತಿದ್ದ ಭೌತಚಿಕಿತ್ಸಕರು ಒಂದು ಉಪಾಯ ಮಾಡಿದರು. ಅಂಗಡಿಯಲ್ಲಿ ಸಿಗುವ ನಿಂತು ತೂಗುವ ಯಂತ್ರಗಳೆರಡನ್ನು ಅಕ್ಕಪಕ್ಕ ಇರಿಸಿ, ಒಂದೊಂದರ ಮೇಲೆ ಒಂದೊಂದು ಪಾದ ಇಡಿಸಿ ನಿಲ್ಲಿಸಿದರು. ಬಲಗಾಲಿನ ಯಂತ್ರ 44 ತೋರಿತು, ಎಡಗಾಲಿನದು 14. ನೇಕಾರರಿಗೆ ಆಶ್ಚರ್ಯ! ತಾವು ಎರಡೂ ಕಾಲಲ್ಲಿ ಸಮನಾಗಿ ನಿಂತಿದ್ದೇವೆಂದೇ ಅವರು ನಂಬಿದ್ದರು. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಬೆಲೆಬಾಳುವ ವೇದಿಕೆಗಳಿವೆ, ಪರದೆಯ ಮೇಲೆ ಚುಕ್ಕೆಯೊಂದು ಅತ್ತಿತ್ತ ಸರಿಯುತ್ತದೆ. ಬೆಟಗೇರಿಯಲ್ಲಿ ತಕ್ಕಡಿಯೇ ಗುರುವಾಯಿತು. ಅಂಕಿ ನೋಡಿಕೊಂಡು ಭಾರವನ್ನು ಎಡಕ್ಕೆ ಸರಿಸುವುದು, ಎಣಿಸುತ್ತ ತಡೆದು ನಿಲ್ಲುವುದು, ಮರಳಿ ಬಲಕ್ಕೆ ಬರುವುದು. ಆಮೇಲೆ ಅಂಕಿ ನೋಡದೆ ಸರಿಸಿ, ಎಷ್ಟಾಗಿರಬಹುದೆಂದು ಊಹಿಸಿ, ನಂತರ ನೋಡುವುದು. ಊಹೆ ಸರಿಯಾದ ದಿನ ಆ ಕಾಲು ಮರಳಿ ತನ್ನದಾಯಿತೆಂದು ಅವರು ಹೇಳಿದರು.

ಜತೆಗೆ ಕುರ್ಚಿಯಿಂದ ಏಳುವ ಅಭ್ಯಾಸ. ಇದರಲ್ಲೊಂದು ಸೂಕ್ಷ್ಮವಿದೆ. ಸ್ವಂತವಾಗಿ ಬಿಟ್ಟರೆ ರೋಗಿ ಗಟ್ಟಿಗಾಲನ್ನು ಹಿಂದೆ ಎಳೆದುಕೊಂಡು ಅದರಿಂದಲೇ ಏಳುತ್ತಾನೆ. ಎರಡೂ ಪಾದಗಳನ್ನು ಸಮವಾಗಿ, ಇಲ್ಲವೆ ದುರ್ಬಲ ಪಾದವನ್ನೇ ತುಸು ಹಿಂದಿರಿಸಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಬೇಕು. ಮೊದಲು ಎತ್ತರದ ಕುರ್ಚಿ, ಬಲ ಬಂದಂತೆ ತಗ್ಗಿನದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು ಎಂದು ಅವರಿಗೆ ಹೇಳಿದ್ದರು. ನೇಕಾರರಿಗೆ ಎಣಿಕೆಯ ಕೆಲಸ ಹೊಸದೇನಲ್ಲ, ಎಳೆಗಳಂತೆ ಎಣಿಸಿದರು. ನಿಲ್ಲುವ ಅಭ್ಯಾಸಕ್ಕೆ ಮನೆಯ ಮೂಲೆಯನ್ನು ಆರಿಸಿದರು: ಹಿಂದೆ ಎರಡು ಗೋಡೆ, ಮುಂದೆ ಭಾರವಾದ ಕುರ್ಚಿ, ಯಾವ ಕಡೆ ತೂಗಿದರೂ ಆಸರೆ. ಸೊಂಟಕ್ಕೆ ದಪ್ಪ ಬಟ್ಟೆಯ ಪಟ್ಟಿ ಕಟ್ಟಿ ಮಗ ಅದನ್ನು ಹಿಡಿದು ದುರ್ಬಲ ಪಕ್ಕದಲ್ಲಿ ನಿಲ್ಲುತ್ತಿದ್ದ, ತೋಳು ಮುಟ್ಟುವಂತಿರಲಿಲ್ಲ. ಎತ್ತುವ ಕೈ ಬೇಡ, ಬಿದ್ದರೆ ಹಿಡಿಯುವ ಕೈ ಸಾಕು ಎಂಬುದು ಅಲ್ಲಿಯ ನಿಯಮ. ನಮ್ಮ ಗುರುಬಂಧುಗಳ ಕಂಕುಳಲ್ಲಿ ಹಾಕಿದ್ದ ನಮ್ಮ ಕೈಗಳು ಆಗ ನೆನಪಾದವು.

ನಾಲ್ಕನೆಯ ತಿಂಗಳಲ್ಲಿ ಚಿಕಿತ್ಸಕರೇ ಅವರನ್ನು ಕುಣಿಮಗ್ಗಕ್ಕೆ ಕೂರಿಸಿದರು. ಬಟ್ಟೆ ನೇಯುವುದಕ್ಕಲ್ಲ, ಕುಣಿಯೊಳಗಿನ ಹಲಗೆಗಳನ್ನು ಎಡ, ಬಲ ಎಂದು ಸರದಿಯಂತೆ ತುಳಿಯುವುದಕ್ಕೆ. ನಲವತ್ತು ವರ್ಷ ಮಾಡಿದ ಕಾಯಕವನ್ನು ಕಾಲು ಅಷ್ಟು ಬೇಗ ಮರೆಯುವುದಿಲ್ಲ. ಎಡಗೈಗೆ ಲಾಳಿ ಇಂದಿಗೂ ಸರಿಯಾಗಿ ಒಗ್ಗಿಲ್ಲ; ಆದರೆ ಅವರು ಊರುಗೋಲು ಹಿಡಿದು ಸಂತೆಗೆ ಹೋಗಿಬರುತ್ತಾರೆ. ಊರುಗೋಲು ಗಟ್ಟಿ ಕೈಯಲ್ಲೇ ಇರಬೇಕು. ಮೊದಲು ಕೋಲು, ಆಮೇಲೆ ದುರ್ಬಲ ಕಾಲು, ಕೊನೆಗೆ ಗಟ್ಟಿ ಕಾಲು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದು, ಇಳಿಯುವಾಗ ದುರ್ಬಲ ಕಾಲು ಮುಂದು.

ಸಮತೋಲನವನ್ನು ಅಳೆಯುವುದಕ್ಕೂ ಒಂದು ಕ್ರಮವಿದೆ. ಕೆನಡಾದ ಕ್ಯಾಥರೀನ್ ಬರ್ಗ್ ಅವರ ಹೆಸರಿನ, 1989ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 14 ಕೆಲಸಗಳು, ಒಟ್ಟು 56 ಅಂಕಗಳು. ಕುಳಿತಲ್ಲಿಂದ ಏಳುವುದು, ಆಸರೆಯಿಲ್ಲದೆ ಎರಡು ನಿಮಿಷ ನಿಲ್ಲುವುದು, ಕಣ್ಣುಮುಚ್ಚಿ ನಿಲ್ಲುವುದು, ಕೈ ಮುಂದೆ ಚಾಚುವುದು, ನೆಲದಲ್ಲಿ ಬಿದ್ದುದನ್ನು ಎತ್ತಿಕೊಳ್ಳುವುದು, ಹಿಂದಿರುಗಿ ನೋಡುವುದು ಇತ್ಯಾದಿ. ನಮ್ಮ ತಾಯಂದಿರು ಒಂದು ಮುಂಜಾನೆ ಅಡುಗೆಮನೆಯಲ್ಲಿ ಮಾಡುವ ಕೆಲಸಗಳೇ ಇವು. ತಮ್ಮ ಹಿರಿಯರ ಅಂಕವೆಷ್ಟು, ತಿಂಗಳ ಬಳಿಕ ಎಷ್ಟಾಯಿತು ಎಂದು ಚಿಕಿತ್ಸಕರನ್ನು ಕೇಳುವ ಹಕ್ಕು ಮನೆಯವರಿಗಿದೆ. ಕೇಳಿರಿ.

ಪೂಜೆಯ ವಿಷಯದಲ್ಲಿ ಅನೇಕರು ನಮ್ಮನ್ನು ಸಂಕೋಚದಿಂದ ಪ್ರಶ್ನಿಸುತ್ತಾರೆ. ನೆಲದ ಮೇಲೆ ಪದ್ಮಾಸನ ಹಾಕಿ ಕೂರಲಾಗದು, ಇಷ್ಟಲಿಂಗ ಹಿಡಿಯುವ ಎಡಗೈಯೇ ಬಿದ್ದಿದೆ, ಏನು ಮಾಡಬೇಕು? ಕುರ್ಚಿಯಲ್ಲಿ ಕುಳಿತು, ಎರಡೂ ಪಾದಗಳನ್ನು ನೆಲಕ್ಕೆ ಚೆನ್ನಾಗಿ ಊರಿ, ಎಡಮೊಣಕೈಯನ್ನು ಮೇಜಿನ ಮೇಲಿನ ದಿಂಬಿಗೆ ಇಟ್ಟು, ಮನೆಯವರೊಬ್ಬರು ಅಂಗೈಯನ್ನು ಆಧರಿಸಲಿ. ಇದರಲ್ಲಿ ಲೋಪವೇನೂ ಇಲ್ಲವೆಂಬುದು ನಮ್ಮ ಖಚಿತ ಅಭಿಪ್ರಾಯ. ಬಲಮಿದುಳಿಗೆ ಪೆಟ್ಟಾದವರಲ್ಲಿ ಕೆಲವರು ಎಡಗಡೆಯ ಲೋಕವನ್ನೇ ಮರೆಯುತ್ತಾರೆ, ತಟ್ಟೆಯ ಎಡಭಾಗದ ಅನ್ನವನ್ನೂ ಬಿಟ್ಟೇಳುತ್ತಾರೆ. ಅಂಥವರಿಗೆ ಎಡಅಂಗೈಯ ಮೇಲೆ ದೃಷ್ಟಿ ನಿಲ್ಲಿಸುವುದು ಒಳ್ಳೆಯ ಅಭ್ಯಾಸವೆಂದೇ ನಮಗೆ ತೋರುತ್ತದೆ. ಆದರೆ ನಿಂತು ಮಂಗಳಾರತಿ ಎತ್ತುವ ಅವಸರ ಮಾತ್ರ ಬೇಡ. ಆರತಿಯ ತಟ್ಟೆ ಮೇಲೇಳುವ ಮುನ್ನವೇ ಕಾಲು ಬೆನ್ನುಗಳ ಸ್ನಾಯುಗಳು ಬಿಗಿದು ದೇಹವನ್ನು ಅಣಿಗೊಳಿಸಬೇಕು. ಪಾರ್ಶ್ವವಾಯುವಿನಲ್ಲಿ ಈ ಮುನ್ನೆಚ್ಚರಿಕೆ ತಡವಾಗುತ್ತದೆ. ಕೈ ಎತ್ತಿದೊಡನೆ ಮೈ ತೂಗುತ್ತದೆ, ಕೈಯಲ್ಲಿ ಉರಿಯುವ ಬತ್ತಿ ಬೇರೆ. ಮೊದಲು ಬರಿಗೈ ಎತ್ತುವುದು, ಬಳಿಕ ಖಾಲಿ ತಟ್ಟೆ.

ಮರ್ದನ, ತೈಲಗಳ ಬಗೆಗೂ ಒಂದು ಮಾತು. ಚರಕ ಸಂಹಿತೆಯ ವಾತವ್ಯಾಧಿ ಪ್ರಕರಣದಲ್ಲಿ ಪಕ್ಷಾಘಾತದ ವಿಚಾರವಿದೆ. ಸ್ನೇಹ ಸ್ವೇದಗಳನ್ನು ನಾವು ಅಲ್ಲಗಳೆಯುವವರಲ್ಲ. ಕಪ್ಪತಗುಡ್ಡದ ಮಡಿಲಲ್ಲಿರುವ ಮುಂಡರಗಿ ಶಿರಹಟ್ಟಿಗಳ ಜನಕ್ಕೆ ಗಿಡಮೂಲಿಕೆಯ ಮೇಲೆ ವಿಶ್ವಾಸ ಸಹಜ. ಆದರೆ ಎಣ್ಣೆ ಹಚ್ಚಿಸಿಕೊಂಡು ಮಲಗಿದ ಕಾಲು ಭಾರ ಹೊರಲು ಕಲಿಯುವುದಿಲ್ಲ. ಪಾರಿವಾಳದ ರಕ್ತ ಹಚ್ಚುವ ಕ್ರೂರ ಮೌಢ್ಯ ಈಗಲೂ ಅಲ್ಲಲ್ಲಿ ಉಳಿದಿರುವುದು ಶರಣರ ನಾಡಿಗೆ ನಾಚಿಕೆ.

ಯಾವಾಗ ಎಬ್ಬಿಸಬೇಕು? ಇಲ್ಲಿಯೂ ಎರಡು ಅತಿರೇಕಗಳಿವೆ. 2015ರಲ್ಲಿ ಐದು ದೇಶಗಳ 56 ಆಸ್ಪತ್ರೆಗಳ 2104 ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು: ಮೊದಲ 24 ಗಂಟೆಯೊಳಗೇ ಎಬ್ಬಿಸಿ ಹೆಚ್ಚು ಹೆಚ್ಚು ಓಡಾಡಿಸಿದವರು ಮೂರು ತಿಂಗಳ ಬಳಿಕ ಉಳಿದವರಿಗಿಂತ ಹಿಂದೆ ಬಿದ್ದಿದ್ದರು. ಹಾಗೆಂದು ತಿಂಗಳುಗಟ್ಟಲೆ ಮಲಗಿಸುವುದೂ ತಪ್ಪು. ವೈದ್ಯರು ಅಪ್ಪಣೆ ಕೊಟ್ಟೊಡನೆ ಸ್ವಲ್ಪ ಸ್ವಲ್ಪವಾಗಿ, ಹಲವು ಬಾರಿ ಅಭ್ಯಾಸ ನಡೆಯಲಿ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾದರೂ ನಿಲ್ಲುವುದಿಲ್ಲ. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮ್ಮ ದೇಶದ್ದೇ: 14 ಆಸ್ಪತ್ರೆಗಳು, 1250 ರೋಗಿಗಳು. ಮನೆಯವರಿಗೇ ತರಬೇತಿ ಕೊಟ್ಟು ಕಳುಹಿಸಿದರೆ ಫಲ ಹೆಚ್ಚೀತೇ ಎಂದು ನೋಡಿದರು. ಆರು ತಿಂಗಳ ಬಳಿಕ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ನಮಗೆ ಮೊದಲು ನಿರಾಶೆಯಾಯಿತು. ಈಗ ಅನ್ನಿಸುವುದೇನೆಂದರೆ, ಮನೆಯವರ ಪ್ರೀತಿ ಚಿಕಿತ್ಸಕರ ಸ್ಥಾನವನ್ನು ತುಂಬಲಾರದು. ತಜ್ಞರು ಮತ್ತೆ ಮತ್ತೆ ಬಂದು ನೋಡಿ, ತಿದ್ದಿ, ಮುಂದಿನ ಪಾಠ ಹೇಳಬೇಕು. ಬೆಟಗೇರಿಯಲ್ಲಿ ಅದು ಸಾಧ್ಯವಾಯಿತು. ಮುಂಡರಗಿ ಶಿರಹಟ್ಟಿಗಳ ಒಳಹಳ್ಳಿಗಳಿಂದ ಗದುಗಿಗೆ ಬಸ್ಸು ಹತ್ತಿಸಿ ಕರೆತರುವುದೇ ದೊಡ್ಡ ಸಾಹಸ. ನಮ್ಮ ಮಠಗಳು ದಾಸೋಹ, ವಿದ್ಯಾರ್ಥಿನಿಲಯಗಳನ್ನು ನಡೆಸುತ್ತಿವೆ. ವಾರಕ್ಕೊಮ್ಮೆ ಭೌತಚಿಕಿತ್ಸಕರನ್ನು ಕರೆಸಿ, ಒಂದು ಕೋಣೆ, ಹಿಡಿದು ನಡೆಯಲು ಎರಡು ಸಮಾಂತರ ಕೊಳವೆಗಳು, ಎರಡು ತೂಕದ ಯಂತ್ರಗಳನ್ನು ಒದಗಿಸುವುದು ಅವುಗಳಿಗೆ ಭಾರವಾಗಲಾರದು. ಈ ಮಾತನ್ನು ಮಠಾಧೀಶರ ಸನ್ನಿಧಿಯಲ್ಲೂ ಅರಿಕೆ ಮಾಡಿಕೊಂಡಿದ್ದೇವೆ.

ಮೊದಲ ದಿನದ ವಿಷಯ ಎಲ್ಲರಿಗೂ ಗೊತ್ತಿರಬೇಕು. ಬಾಯಿ ಸೊಟ್ಟಗಾಗುವುದು, ಕೈ ಜೋತುಬೀಳುವುದು, ಮಾತು ತೊದಲುವುದು ಕಂಡೊಡನೆ 108ಕ್ಕೆ ಕರೆಮಾಡಿರಿ. ಬಾಯಿಗೆ ನೀರು, ಔಷಧಿ ಏನನ್ನೂ ಹಾಕಬೇಡಿರಿ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಸ್ಕ್ಯಾನ್ ಮಾಡಿದ ಬಳಿಕ, ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಗದುಗಿನಲ್ಲಿ ಜಿಮ್ಸ್ ಇದೆ, ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹಳೆಯ ಮೆಡಿಕಲ್ ಕಾಲೇಜು ಇದೆ. ನಾಟಿ ಔಷಧಿಯವರನ್ನು ಹುಡುಕುತ್ತ ಕಳೆದ ಗಂಟೆ ಮರಳಿ ಬಾರದು.

ದೀಪಾವಳಿಯ ಹೊತ್ತಿಗೆ ಮತ್ತೆ ಲಕ್ಷ್ಮೇಶ್ವರಕ್ಕೆ ಹೋಗಿದ್ದೆವು. ಆ ತಾಯಿ ಪಡಸಾಲೆಯ ಕಂಬದ ಪಕ್ಕದಲ್ಲಿ ನಿಂತೇ ನಮಗೆ ಶರಣೆಂದರು. ಬಲಗೈ ಕಂಬದ ಮೇಲಿರಲಿಲ್ಲ, ಕಂಬದಿಂದ ನಾಲ್ಕು ಬೆರಳು ದೂರದಲ್ಲಿತ್ತು. ಸೊಸೆ ಹಿಂದೆ ಕುರ್ಚಿ ಹಿಡಿದು ಸಿದ್ಧಳಾಗಿದ್ದಳು. ನಾವು ಕುಳಿತುಕೊಳ್ಳಿರೆಂದರೂ ಅವರು ಕೂರಲಿಲ್ಲ. ನಮ್ಮ ಹಿಂದಿನ ಗೋಡೆಯನ್ನು ದಿಟ್ಟಿಸುತ್ತ ಮಗನಿಗೆ, “ಆ ಬಸವಣ್ಣನ ಫೋಟೋ ಸೊಟ್ಟ ಆಗೇತಿ, ಸರಿ ಮಾಡೋ” ಎಂದರು. ತಿರುಗಿ ನೋಡಿದೆವು, ಫೋಟೋ ನಿಜವಾಗಿಯೂ ಒಂದು ಬೆರಳಿನಷ್ಟು ಎಡಕ್ಕೆ ವಾಲಿತ್ತು. ಮಗ ಎದ್ದು ಹೋಗಿ ಸರಿಪಡಿಸಿದ.